ಪ್ರೊಜೆಕ್ಟರ್ ಬೀರುವಿನಲ್ಲೇ ಕೂತಿದೆ, ತರಗತಿಗೆ ತರುವುದು ಹೇಗೆ?

ಎಚ್ಚೆಂ_ಮದ್ದೂರು:
ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ, ಆರು ಸೆಕ್ಷನ್. ದಾನಿಗಳು ಕೊಟ್ಟ ಪ್ರೊಜೆಕ್ಟರ್, 55 ಇಂಚಿನ ಟಿವಿ, ಎರಡು ಲ್ಯಾಪ್‌ಟಾಪ್ ಇವೆ. ಶಿಕ್ಷಕರಿಗೆ ಟಾಲ್ಪ್ (ತಂತ್ರಜ್ಞಾನ ಬಳಸಿ ಕಲಿಸುವ ಸರ್ಕಾರಿ ಕಾರ್ಯಕ್ರಮ) ತರಬೇತಿ ಆಗಿದೆ. ಆದರೂ ಬಳಕೆ ಅಪರೂಪ. ಮೆಮೊ ಕಳಿಸಿದರೆ ಸಹಿ ಹಾಕುತ್ತಾರೆ, ಅಷ್ಟೇ. ಕರೆಂಟ್ ಇಲ್ಲ, ನೆಟ್ ಇಲ್ಲ ಅನ್ನುವುದು ಖಾಯಂ ಉತ್ತರ. ಮುಖ್ಯಶಿಕ್ಷಕರ ಕಡೆಯಿಂದ ಏನು ಮಾಡಬಹುದು?

ವಿಜ್ಞಾನ_ಮೈಸೂರು:
ಸರ್, ಇನ್ನೊಂದು ತರಬೇತಿ ಬೇಡ. ಬೀಗದ ಕೈ ಯಾರ ಹತ್ತಿರ ಇದೆ, ಮೊದಲು ನೋಡಿ. ಒಬ್ಬರ ಹತ್ತಿರ ಮಾತ್ರ ಇದ್ದರೆ ಅವರು ಓಓಡಿ (ಬೇರೆ ಕರ್ತವ್ಯದ ಮೇಲೆ) ಹೋದ ದಿನ ಎಲ್ಲವೂ ಬಂದ್. ಇನ್ನೊಂದು ಕೀ ಆಫೀಸಿನಲ್ಲಿ ನೇತಾಕಿಸಿ.

ಎರಡನೆಯದು ಭಯ. ಕೆಟ್ಟರೆ ದುಡ್ಡು ತಮ್ಮ ತಲೆಗೆ ಬರುತ್ತದೆ ಅಂತ ಯಾರೂ ಮುಟ್ಟುವುದಿಲ್ಲ. ಸಾಮಾನು ತರಗತಿ ಬಳಕೆಗೇ ಇದೆ, ರಿಪೇರಿ ಖರ್ಚು ಯಾವ ಬಾಬ್ತಿನಿಂದ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿ, ಸ್ಟಾಫ್ ಮೀಟಿಂಗ್‌ನಲ್ಲಿ ಓದಿ ಹೇಳಿ. ಮೆಮೊಗಿಂತ ಇದು ಕೆಲಸ ಮಾಡುತ್ತದೆ.

ಮೂರನೆಯದು ಸಮಯ. 40 ನಿಮಿಷದ ಪೀರಿಯಡ್‌ನಲ್ಲಿ ಪ್ರೊಜೆಕ್ಟರ್ ಹೊತ್ತು ತಂದು ವೈರ್ ಜೋಡಿಸುವಷ್ಟರಲ್ಲಿ 10 ನಿಮಿಷ ಹೋಯಿತು. ಒಂದು ಕೋಣೆಯಲ್ಲಿ ಖಾಯಂ ಕೂರಿಸಿ, ಮಕ್ಕಳೇ ಅಲ್ಲಿಗೆ ಬರಲಿ. ವೇಳಾಪಟ್ಟಿಯಲ್ಲಿ ಆ ಕೋಣೆಗೂ ಒಂದು ಸಾಲು ಇರಲಿ. 'ಬೇಕಾದಾಗ ಬಳಸಿ' ಅಂದರೆ ಯಾರಿಗೂ ಬೇಕಾಗುವುದಿಲ್ಲ.

ನೀವು ಹೋಗಿ ಕಡೇ ಬೆಂಚಿನಲ್ಲಿ ಕೂತುಕೊಳ್ಳಿ. ಅಕ್ಷರ ಅಲ್ಲಿಂದ ಕಾಣುತ್ತಾ, ಶಿಕ್ಷಕರು ವಿಡಿಯೊ ನಿಲ್ಲಿಸಿ ಪ್ರಶ್ನೆ ಕೇಳುತ್ತಾರಾ, ಎರಡೇ ನೋಡಿ. 15 ನಿಮಿಷ ಒಂದೇ ಸಮನೆ ಓಡಿದರೆ ಅದು ಪಾಠವಲ್ಲ, ಶಿಕ್ಷಕರಿಗೆ ವಿಶ್ರಾಂತಿ.

ವೈರಿಂಗ್_ಪಾಂಡವಪುರ:
ಕರೆಂಟಿನ ಲೆಕ್ಕ ಹೇಳುತ್ತೇನೆ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಸೇರಿ ಸುಮಾರು 350 ವ್ಯಾಟ್. ಕಂಪ್ಯೂಟರ್ ಜೊತೆ ಬರುವ 600 ವಿಎ ಯುಪಿಎಸ್ ಇದನ್ನು ಕೆಲವೇ ನಿಮಿಷ ತಡೆಯುತ್ತದೆ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದರೆ, ಅರ್ಧಕ್ಕಿಂತ ಇಳಿಸದೆ, ಸುಮಾರು ಮೂರು ಪೀರಿಯಡ್ ಓಡುತ್ತದೆ.

ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಹಾಕಿಡಿ. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಪ್ರೊಜೆಕ್ಟರ್ ಆಫ್ ಆಗುತ್ತದೆ. ಲ್ಯಾಂಪ್ ಇರುವ ಮಾಡೆಲ್ ಆದರೆ ಬಿಸಿ ಆರುವ ತನಕ ಮತ್ತೆ ಹೊತ್ತುವುದಿಲ್ಲ, ಮಕ್ಕಳ ಗದ್ದಲ ಶುರು. ಪಾಠ ಮುಗಿದ ಮೇಲೂ ರಿಮೋಟಿನಿಂದ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ಪ್ಲಗ್ ತೆಗೆಯಿರಿ. ಧೂಳಿನ ಫಿಲ್ಟರ್ ತಿಂಗಳಿಗೊಮ್ಮೆ ಬ್ರಶ್ ಮಾಡಿ. ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟದಿರಲಿ, ಸಾದಾ ಕೇಬಲಿನಲ್ಲಿ ಚಿತ್ರ ಕಡಿದು ಕಡಿದು ಬರುತ್ತದೆ.

ಕಡೇ ಬೆಂಚು 24 ಅಡಿ ದೂರವಿದ್ದರೆ ಚಿತ್ರದ ಎತ್ತರ 4 ಅಡಿ ಬೇಕು, ಅಂದರೆ ದೂರದ ಆರನೇ ಒಂದು ಪಾಲು. ನಿಮ್ಮ ಟಿವಿ ಎತ್ತರ ಎರಡೂಕಾಲು ಅಡಿ, 13–14 ಅಡಿಗೆ ಸಾಕು. ಅದನ್ನು ಚಿಕ್ಕ ಕೋಣೆಗೆ ಹಾಕಿ.

ನುಡಿ_ಯುನಿಕೋಡ್:
ನೆಟ್ ನೆಚ್ಚಿಕೊಳ್ಳಬೇಡಿ. ಫೆಟ್ ಸಿಮ್ಯುಲೇಶನ್‌ಗಳಲ್ಲಿ (ವಿಜ್ಞಾನ, ಗಣಿತವನ್ನು ಪರದೆ ಮೇಲೆ ಮಾಡಿ ನೋಡುವ ಉಚಿತ ಪ್ರಯೋಗಗಳು) ಕನ್ನಡದ್ದೂ ಇವೆ. ಎಚ್‌ಟಿಎಂಎಲ್5 ಆವೃತ್ತಿಯನ್ನೇ ಇಳಿಸಿಕೊಳ್ಳಿ, ಒಂದೇ ಫೈಲು, ಬ್ರೌಸರಿನಲ್ಲಿ ನೆಟ್ ಇಲ್ಲದೆ ತೆರೆಯುತ್ತದೆ. ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಶಿಕ್ಷಕರು ಪಠ್ಯಪುಸ್ತಕದ ಕ್ಯೂಆರ್ ಸ್ಕ್ಯಾನ್ ಮಾಡಿ ಹಿಂದಿನ ದಿನವೇ ಡೌನ್‌ಲೋಡ್ ಮಾಡಿಡಲಿ.

ಸ್ಲೈಡ್ ಮಾಡುವವರಿಗೆ ಒಂದು ಎಚ್ಚರಿಕೆ: ಹಳೇ ನುಡಿ ಫಾಂಟಿನ ಫೈಲು ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದರೆ ಗೋಜಲು ಅಕ್ಷರ. ಯುನಿಕೋಡ್‌ಗೆ ಪರಿವರ್ತಿಸಿ, ಇಲ್ಲವೇ ಪಿಡಿಎಫ್ ಮಾಡಿ ತನ್ನಿ.

ಎಚ್ಚೆಂ_ಮದ್ದೂರು:
ವಿಜ್ಞಾನ, ಗಣಿತದವರು ಒಪ್ಪಬಹುದು. ಸಮಾಜ ವಿಜ್ಞಾನದವರು 'ನಮಗೇನಿದೆ ಅದರಲ್ಲಿ' ಅಂತಾರೆ.

ವಿಜ್ಞಾನ_ಮೈಸೂರು:
ಅವರಿಗೇ ಹೆಚ್ಚು ಇದೆ ಸರ್. ನೀರಾವರಿ ಪಾಠಕ್ಕೆ ಉಪಗ್ರಹ ನಕ್ಷೆ ತೆರೆಯಲಿ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆ ಹಿಡಿದು ಬಂದರೆ ಹುಲಿಕೆರೆ ಸುರಂಗದ ಹತ್ತಿರ ನಾಲೆ ಮಾಯ, ಆಚೆ ಮತ್ತೆ ಪ್ರತ್ಯಕ್ಷ. ಯಾಕೆ ಅಂತ ಮಕ್ಕಳೇ ಹೇಳಲಿ. ನಾಲಾ ಬಯಲಿನ ಹಸಿರೂ ಮಳೆಯಾಶ್ರಿತ ಹೊಲವೂ ಪಕ್ಕಪಕ್ಕ ಕಾಣುವ ಜಾಗ ಹುಡುಕಿ, ಐದಾರು ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಂಡರೆ ಆ ದಿನ ನೆಟ್ ಕೂಡ ಬೇಡ.