ತುರ್ತು: ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ‘ಬಹು ಕಾಠಿನ್ಯ’ ಸರಿಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯವೊಂದರ ಸಂಶೋಧನಾ ತಂಡ ಎಂಆರ್‌ಐ ಬಳಸಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರ ಮಿದುಳನ್ನು ಅಧ್ಯಯನ ಮಾಡುತ್ತಿದೆ. ಅಧ್ಯಯನಕ್ಕೆ ಸೇರುವವರು ಓದಿ ಸಹಿ ಹಾಕಬೇಕಾದ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ನನಗಿಂತ ಮೊದಲು ಕೈಹಾಕಿದವರು ರೋಗಕ್ಕೆ ‘ಬಹು ಕಾಠಿನ್ಯ’, ಲೀಷನ್‌ಗೆ (ರೋಗದಿಂದ ಕೆಟ್ಟ ಜಾಗ) ‘ಹುಣ್ಣು’, ಮೈಲಿನ್‌ಗೆ (ನರತಂತುವಿನ ಸುತ್ತಲಿನ ಪದರ) ‘ಮಜ್ಜೆ’, ಬ್ರೈನ್ ಇಮೇಜಿಂಗ್‌ಗೆ ‘ಮಸ್ತಿಷ್ಕ ಪ್ರತಿಬಿಂಬನ’ ಎಂದು ಬರೆದಿಟ್ಟಿದ್ದಾರೆ. ನಾಲ್ಕೂ ನನಗೆ ಹಿಡಿಸುತ್ತಿಲ್ಲ. ಸ್ಕ್ಯಾನ್ ಕೊಠಡಿಯ ಬಾಗಿಲಿಗೆ ಒಂದು ಫಲಕವೂ ಬೇಕು. ದಯವಿಟ್ಟು ಸೂಚಿಸಿ.

* * *

ಮಿದುಳ್ಪೆಡಸು.

‘ಪೆಡಸು’ ಇರುವಾಗ ಕಾಠಿನ್ಯವೇಕೆ? ಮಿದುಳು ಎಂಬ ಪದವೇ ‘ಮಿದು’ವಿನಿಂದ ಹುಟ್ಟಿದ್ದು ಎಂಬುದು ನನ್ನ ಹಳೆಯ ವಾದ, ತೆಲುಗಿನ ‘ಮೆದಡು’ವನ್ನು ಪಕ್ಕದಲ್ಲಿಟ್ಟು ನೋಡಿ. ಮಿದುವಾದದ್ದು ಪೆಡಸಾಗುತ್ತದೆ, ಅದೇ ರೋಗ. ಹೆಸರಿನಲ್ಲೇ ಎಲ್ಲವೂ ಇದೆ. ಮೈಲಿನ್‌ಗೆ ‘ನರಹೊದಿಕೆ’. ಸಂಸ್ಕೃತದ ಬಾಗಿಲು ತಟ್ಟುವ ಅಗತ್ಯ ಎಲ್ಲಿಯೂ ಇಲ್ಲ.

* * *

‘ಮಿದುಳ್ಪೆಡಸು’ ಆಗದು. ಈ ರೋಗ ಬೆನ್ನುಹುರಿಗೂ ಕಣ್ಣಿನ ನರಕ್ಕೂ ತಗಲುತ್ತದೆ. ಎಷ್ಟೋ ಮಂದಿಗೆ ಮೊದಲು ಕಾಣಿಸುವ ಲಕ್ಷಣವೇ ಒಂದು ಕಣ್ಣು ಮಂಜಾಗುವುದು. ವ್ಯುತ್ಪತ್ತಿ ಚೆಂದವಿದೆಯೆಂದು ರೋಗಿಗೆ ತಪ್ಪು ತಿಳಿಸಲಾಗದು.

‘ಬಹು ಕಾಠಿನ್ಯ’ದ ತೊಡಕು ಕಾಠಿನ್ಯದಲ್ಲಿಲ್ಲ, ‘ಬಹು’ವಿನಲ್ಲಿದೆ. ಎಣಿಸಬಹುದಾದ ಪದಕ್ಕೆ ಸೇರಿದಾಗ ಅದು ‘ಹಲವು’: ಬಹುಮಹಡಿ, ಬಹುವಚನ. ಗುಣವನ್ನೋ ಭಾವವನ್ನೋ ಹೇಳುವ ಪದದ ಜೊತೆ ಬಂದಾಗ ‘ತುಂಬಾ’: ಬಹು ಕಷ್ಟ, ಬಹು ಪ್ರೀತಿ. ಕಾಠಿನ್ಯ ಭಾವನಾಮ. ಹಾಗಾಗಿ ‘ಬಹು ಕಾಠಿನ್ಯ’ ಎಂದು ಓದಿದವರಿಗೆ ಏನೋ ವಿಪರೀತ ಗಟ್ಟಿಯಾಗಿದೆ ಎಂದು ಕೇಳಿಸುತ್ತದೆಯೇ ಹೊರತು ಹಲವು ಕಡೆ ಏನೋ ಆಗಿದೆ ಎಂದಲ್ಲ. ಗ್ರೀಕಿನಲ್ಲಿ ‘ಸ್ಕ್ಲೆರೋಸ್’ ಎಂದರೆ ಗಟ್ಟಿ, ನಿಜ. ಆದರೆ ಪ್ಯಾರಿಸ್ಸಿನ ವೈದ್ಯ ಶಾರ್ಕೋ 1868ರಲ್ಲಿ ಈ ರೋಗವನ್ನು ವಿವರಿಸಿದ್ದು ‘ಸ್ಕ್ಲೆರೋಸ್ ಆಂ ಪ್ಲಾಕ್’ ಎಂಬ ಹೆಸರಿನಲ್ಲಿ, ಅಂದರೆ ತೇಪೆ ತೇಪೆಯಾಗಿ ಗಟ್ಟಿಯಾಗುವುದು. ಅಲ್ಲಿ ಎಣಿಸಿದ್ದು ತೇಪೆಗಳನ್ನು. ಆ ಗಟ್ಟಿತನವಾದರೂ ಶವವನ್ನು ಕೊಯ್ದು ಮುಟ್ಟಿ ನೋಡಿದವರ ಬೆರಳಿಗೆ ತಿಳಿದದ್ದು. ಎಂಆರ್‌ಐಯಲ್ಲಿ ಯಾರೂ ಮುಟ್ಟುವುದಿಲ್ಲ. ಅಲ್ಲಿ ಕಾಣುವುದು ಅಲ್ಲಲ್ಲಿ ಹೊಳೆಯುವ ಚುಕ್ಕೆಗಳು. ಆದ್ದರಿಂದ ಲೀಷನ್‌ಗೆ ‘ಕಲೆ’ ಎನ್ನಿ. ‘ಹುಣ್ಣು’ ಬೇಡವೇ ಬೇಡ. ಹುಣ್ಣೆಂದರೆ ಕೀವು, ನೋವು. ಮಿದುಳಿನಲ್ಲಿ ಹುಣ್ಣಿದೆ ಎಂದು ಓದಿದವರು ಆ ರಾತ್ರಿ ನಿದ್ದೆ ಮಾಡುವುದಿಲ್ಲ.

‘ಮಜ್ಜೆ’ ಎಂದವರು ಗ್ರೀಕ್ ಮೂಲವನ್ನು ಹಿಡಿದು ಹೊರಟಿದ್ದಾರೆ. 1854ರಲ್ಲಿ ಜರ್ಮನ್ ವೈದ್ಯ ವಿರ್ಖೋ ಮೈಲಿನ್ ಎಂಬ ಹೆಸರನ್ನು ಕಟ್ಟಿದ್ದು ಮಜ್ಜೆ ಎಂಬರ್ಥದ ಪದದಿಂದಲೇ. ಆದರೆ ಮಜ್ಜೆ ಒಳಗಿರುವಂಥದ್ದು, ಮೈಲಿನ್ ನರತಂತುವಿನ ಹೊರಗೆ ಸುತ್ತಿಕೊಂಡ ಕೊಬ್ಬಿನ ಪದರ. ‘ನರಹೊದಿಕೆ’ಯನ್ನು ಸಂತೋಷದಿಂದ ಒಪ್ಪುತ್ತೇನೆ. ಡಿಮೈಲಿನೇಷನ್‌ಗೆ, ಅಂದರೆ ಆ ಹೊದಿಕೆ ಹೋಗುವುದಕ್ಕೆ, ಮಾತ್ರ ‘ಸವೆತ’ ಎನ್ನಬೇಡಿ. ಸವೆದದ್ದು ಮತ್ತೆ ಬೆಳೆಯದು. ಈ ಹೊದಿಕೆ ಒಂದಿಷ್ಟು ಮಟ್ಟಿಗೆ ಮತ್ತೆ ಕಟ್ಟಿಕೊಳ್ಳುತ್ತದೆ. ಮೇಲಾಗಿ ಇದು ತಾನಾಗಿ ಸವೆಯುವುದಲ್ಲ, ದೇಹದ ರಕ್ಷಣಾ ಕಣಗಳೇ ದಾಳಿ ಮಾಡಿ ಕೆಡಿಸುವುದು. ‘ಕಳಚುವಿಕೆ’ ವಾಸಿ.

ರೋಗದ ಹೆಸರು ‘ಮಲ್ಟಿಪಲ್ ಸ್ಕ್ಲೆರೋಸಿಸ್’ ಎಂದೇ ಇರಲಿ. ರೋಗಿಯ ಕೈಯಲ್ಲಿರುವ ವರದಿಯಲ್ಲಿ ಅದೇ ಇದೆ. ಒಪ್ಪಿಗೆ ಪತ್ರದಲ್ಲಿ ಬೇರೆ ಹೆಸರು ಕಂಡರೆ ತನಗೆ ಇನ್ನೊಂದು ರೋಗವೂ ಇದೆ ಎಂದುಕೊಂಡಾರು. ‘ಮಸ್ತಿಷ್ಕ ಪ್ರತಿಬಿಂಬನ’ವೂ ಬೇಡ, ಪ್ರತಿಬಿಂಬ ಕನ್ನಡಿಯಲ್ಲಿ ಮೂಡುವುದು. ಫಲಕಕ್ಕೆ ‘ಮಿದುಳು ಸ್ಕ್ಯಾನ್’ ಸಾಕು.

* * *

ಎಲ್ಲವನ್ನೂ ಹಾಗೆಯೇ ಇಟ್ಟುಕೊಳ್ಳುವುದಾದರೆ ಈ ಬಳಗ ಏಕೆ ಬೇಕು? ಸಿಡುಬು, ದಡಾರ, ಮಂಗನಬಾವು, ನಾಯಿಕೆಮ್ಮು ಎಂದು ಹೆಸರಿಟ್ಟವರು ಯಾವ ವರದಿ ನೋಡಿ ಇಟ್ಟರು? ಕ್ಯಾನ್ಸರ್‌ಗೆ ‘ಏಡಿಗಂತಿ’ ಇದೆ. ಬಳಸದೆ ಬಿಟ್ಟವರು ನಾವೇ.

* * *

ಮಂಗನಬಾವು ಕಣ್ಣಿಗೆ ಕಾಣುತ್ತದೆ, ನಾಯಿಕೆಮ್ಮು ಕಿವಿಗೆ ಕೇಳುತ್ತದೆ. ಕಂಡದ್ದಕ್ಕೆ, ಕೇಳಿದ್ದಕ್ಕೆ ಜನ ತಾವೇ ಹೆಸರಿಟ್ಟರು. ಏಡಿಗಂತಿಯ ಏಡಿ ಗ್ರೀಕರದ್ದು. ನಮ್ಮವರು ಯಾರೂ ಗಂತಿಯಲ್ಲಿ ಏಡಿಯನ್ನು ಕಂಡಿರಲಿಲ್ಲ. ಮಲೇರಿಯಾ ಎಂದರೆ ಕೆಟ್ಟ ಗಾಳಿ ಎಂದು ತಿಳಿಯದೆಯೇ ಎಲ್ಲರೂ ಆ ಪದವನ್ನು ಸರಿಯಾಗಿ ಬಳಸುತ್ತಾರೆ. ಕನ್ನಡ ಬೇಕಾಗಿರುವುದು ಹೆಸರಿನ ಪಕ್ಕದ ವಾಕ್ಯದಲ್ಲಿ. ಅಲ್ಲಿ ಒಂದೂ ಪರಭಾಷೆಯ ಪದ ಬೇಡ ಎಂದು ನಾನೂ ಹಟ ಹಿಡಿಯುತ್ತೇನೆ.

* * *

ಇಬ್ಬರಿಗೂ ಕೃತಜ್ಞತೆಗಳು. ಪತ್ರದಲ್ಲಿ ಹೀಗೆ ಬರೆದಿದ್ದೇನೆ: ‘ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೆ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಲ್ಲಿ ನರಹೊದಿಕೆ ಅಲ್ಲಲ್ಲಿ ಕಳಚಿ ಕಲೆಗಟ್ಟುವ ರೋಗ. ಈ ಕಲೆಗಳು ಸ್ಕ್ಯಾನ್‌ನಲ್ಲಿ ಕಾಣುತ್ತವೆ.’ ಬರಿಯ ‘ಕಲೆ’ ಎಂದರೆ ಚಿತ್ರಕಲೆ, ಶಿಲ್ಪಕಲೆಯ ನೆನಪಾದೀತೆಂದು ಮೊದಲ ಸಲ ‘ಕಲೆಗಟ್ಟುವ’ ಎಂದಿಟ್ಟೆ. ‘ಪೆಡಸು’ವನ್ನು ಬಿಡಲು ಮನಸ್ಸಾಗಲಿಲ್ಲ, ಹೆಸರಿನ ಅರ್ಥವೆಂದು ಆವರಣ ಚಿಹ್ನೆಯೊಳಗೆ ಕೊಡುತ್ತಿದ್ದೇನೆ.

* * *

ಆವರಣದೊಳಗೆ ಬೇಡ. ‘ಕಳಚಿ, ಪೆಡಸಾಗಿ ಕಲೆಗಟ್ಟುವ’ ಎಂದು ವಾಕ್ಯದಲ್ಲೇ ಇರಲಿ.