ಚಳಿಗಾಲದ ಕ್ಯಾಂಪಿಂಗ್, ಕಯಾಕಿಂಗ್: ಮನೆಗೆ ಹತ್ತಿರದಲ್ಲೇ ಜನರಿಲ್ಲದ ಜಾಗ ಹುಡುಕೋದು ಹೇಗೆ?

ನಮಸ್ಕಾರ. ಪ್ರತಿ ಚಳಿಗಾಲ ಗಾಡಿಯ ಮೇಲೆ ಕಯಾಕ್ (ಹುಟ್ಟು ಹಾಕಿ ಸಾಗುವ ಕಿರಿದಾದ ದೋಣಿ) ಕಟ್ಟಿಕೊಂಡು ಏಳೆಂಟು ಗಂಟೆ ದೂರ ಹೋಗುತ್ತಿದ್ದೆವು. ಈ ಸಲ ಅಷ್ಟು ರಜೆ ಇಲ್ಲ. ಎರಡು ಗಂಟೆಯಲ್ಲಿ ತಲುಪುವ, ಆದರೆ ರಾತ್ರಿ ಯಾರ ಸದ್ದೂ ಕೇಳಿಸದ ನೀರಿನ ದಡ ಬೇಕು. ನೀವೆಲ್ಲ ಹೇಗೆ ಹುಡುಕಿಕೊಂಡಿರಿ?

ಉತ್ತರ 1
ಹೆಸರಾದ ಜಾಗಗಳ ಪಟ್ಟಿ ಬದಿಗಿಟ್ಟು ನಕ್ಷೆ ಹಿಡಿದು ಕೂತ ಮೇಲೆಯೇ ನನಗೆ ಜಾಗ ಸಿಕ್ಕಿದ್ದು. ಜಲಾಶಯದ ಹಿನ್ನೀರು ಬೆರಳುಗಳ ಹಾಗೆ ಕವಲೊಡೆದಿರುತ್ತದಲ್ಲ, ಆ ಕವಲುಗಳನ್ನು ಒಂದೊಂದಾಗಿ ನೋಡಿ. ಒಂದು ದಡದಲ್ಲಿ ರಸ್ತೆ, ಎದುರು ದಡದಲ್ಲಿ ಒತ್ತೊತ್ತಾಗಿ ಕಾಂಟೂರ್ ಗೆರೆಗಳಿದ್ದರೆ (ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಅದು ಕಡಿದಾದ ಗುಡ್ಡ. ನಡೆದು ಬರುವವರು ಕಡಿಮೆ, ದೋಣಿ ಇದ್ದವರಿಗಷ್ಟೇ ಸುಲಭ. ಅಂಥ ಗುಡ್ಡದ ಬುಡದಲ್ಲಿ ಗೆರೆಗಳು ಸ್ವಲ್ಪ ದೂರ ಸರಿದ ಕಡೆ, ಸಾಮಾನ್ಯವಾಗಿ ತೊರೆ ಬಂದು ಸೇರುವಲ್ಲಿ, ಟೆಂಟಿಗೆ ಬೇಕಾದಷ್ಟು ಸಮತಟ್ಟು ಸಿಗುತ್ತದೆ.

ಉಪಗ್ರಹ ಚಿತ್ರ ಯಾವ ತಿಂಗಳದ್ದು ಅಂತ ತಪ್ಪದೆ ನೋಡಿ. ನಾನು ನಂಬಿದ್ದು ನೀರು ತುಂಬಿದ್ದಾಗ ತೆಗೆದ ಚಿತ್ರವನ್ನು. ಹೋಗಿ ನೋಡಿದರೆ ನೀರು ಎಷ್ಟೋ ಹಿಂದೆ ಸರಿದು, ದಡಕ್ಕೂ ನಮಗೂ ನಡುವೆ ಬರೀ ಕೆಸರು. ಸಾಮಾನು ಹೊತ್ತು ಮೊಣಕಾಲವರೆಗೆ ಹುಗಿಯುತ್ತಾ ಹೋಗುವಷ್ಟರಲ್ಲಿ ಕತ್ತಲಾಗಿತ್ತು. ಈಗ ಮೊದಲು ಒಂದು ಹಗಲು ಬರಿಗೈಲಿ ಹೋಗಿ ನೋಡಿ ಬರುತ್ತೇನೆ. ಹತ್ತಿರದ ಜಾಗದ ದೊಡ್ಡ ಅನುಕೂಲವೇ ಅದು.

ಉತ್ತರ 2
ಜಾಗ ಯಾರದ್ದು ಅಂತ ಕೇಳಿಕೊಳ್ಳಿ. ಹಗಲು ದೋಣಿ ಬಿಡಲು ಅನುಮತಿ ಇದ್ದರೆ ರಾತ್ರಿ ತಂಗಲೂ ಇದೆ ಅಂತಲ್ಲ. ಕುಡಿಯುವ ನೀರಿನ ಜಲಾಶಯಗಳಲ್ಲಿ ಎಷ್ಟೋ ಕಡೆ ದೋಣಿಯೇ ನಿಷಿದ್ಧ.

ಉತ್ತರ 3
ಜಾಗ ಹತ್ತಿರದ್ದು ಅಂತ ನೀರನ್ನು ಹಗುರವಾಗಿ ತಗೋಬೇಡಿ ದಯವಿಟ್ಟು. ದಡದಿಂದ ಕೂಗಳತೆಯಲ್ಲೇ ನನ್ನ ಕಯಾಕ್ ಮಗುಚಿತ್ತು. ಬಿಸಿಲು ಚೆನ್ನಾಗಿತ್ತು, ತೆಳು ಬಟ್ಟೆ ಹಾಕಿದ್ದೆ. ನೀರಿಗೆ ಬಿದ್ದ ಕೂಡಲೇ ಉಸಿರು ನನ್ನ ಮಾತು ಕೇಳಲಿಲ್ಲ, ಬಾಯಿ ತಾನಾಗಿ ತೆರೆದುಕೊಂಡಿತು. ಲೈಫ್ ಜಾಕೆಟ್ ಮೈಮೇಲೆ ಇದ್ದದ್ದರಿಂದ ಉಳಿದೆ. ಹಿಮದಂಥ ನೀರಿಗೆ 1-10-1 ಅಂತ ಒಂದು ಲೆಕ್ಕ ಇದೆ: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಕೆಲಸ ಮಾಡುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಹಾಗಾಗಿ ಬಟ್ಟೆ ಗಾಳಿಯ ಬಿಸುಪಿಗಲ್ಲ, ನೀರಿನ ತಂಪಿಗೆ ತಕ್ಕಂತಿರಲಿ. ಒದ್ದೆಯಾದರೂ ಮೈ ಬೆಚ್ಚಗಿಡುವ ವೆಟ್‌ಸೂಟ್ ಅಥವಾ ನೀರನ್ನೇ ಒಳಬಿಡದ ಡ್ರೈಸೂಟ್ ಹಾಕಿ. ಫೋನ್ ದೋಣಿಯೊಳಗಲ್ಲ, ಜಲನಿರೋಧಕ ಚೀಲದಲ್ಲಿ ಮೈಗೆ ಕಟ್ಟಿಕೊಳ್ಳಿ. ನಡುನೀರಿಗೆ ಹೋಗದೆ ದಡ ಹಿಡಿದೇ ಹುಟ್ಟು ಹಾಕಿ. ಎಲ್ಲಿರುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ.

ಉತ್ತರ 4
ಟೆಂಟ್ ನೀರಂಚಿನಲ್ಲಿ ಬೇಡ. ಗಾಳಿಯಿಲ್ಲದ ರಾತ್ರಿ ತಣ್ಣನೆ ಗಾಳಿ ಭಾರವಾಗಿ ಕಣಿವೆಯ ತಳಕ್ಕಿಳಿದು ನಿಲ್ಲುತ್ತದೆ. ಸ್ವಲ್ಪ ಮೇಲೆ, ಮರಗಳ ಕೆಳಗೆ ಹಾಕಿದರೆ ಚಳಿ ಕಡಿಮೆ, ಟೆಂಟ್ ಮೇಲೆ ಇಬ್ಬನಿಯೂ ಕಡಿಮೆ. ದಪ್ಪ ಸ್ಲೀಪಿಂಗ್ ಬ್ಯಾಗಿಗಿಂತ ಮೊದಲು ಒಳ್ಳೆಯ ಮ್ಯಾಟ್ ತಗೊಳ್ಳಿ, ಬ್ಯಾಗಿನೊಳಗೆ ತುಂಬಿದ್ದು ಮೈಕೆಳಗೆ ಅಮುಕಿಹೋಗಿ ನೆಲದ ಚಳಿ ನೇರ ಬೆನ್ನಿಗೆ ತಾಗುತ್ತದೆ. ಬರೀ ಬ್ಯೂಟೇನ್ ಇರುವ ಗ್ಯಾಸ್ ಕ್ಯಾನ್ 0 ಡಿಗ್ರಿ ಹತ್ತಿರ ಸರಿಯಾಗಿ ಉರಿಯುವುದಿಲ್ಲ, ಪ್ರೋಪೇನ್ ಬೆರೆತದ್ದು ನೋಡಿ. ಎಷ್ಟೇ ಚಳಿಯಾದರೂ ಟೆಂಟ್ ಒಳಗೆ ಒಲೆ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಉತ್ತರ 5
ನಮ್ಮದು ಎಲ್ಲರಿಗೂ ಗೊತ್ತಿರುವ ಕೆರೆಯೇ. ಬೇಸಿಗೆಯ ಭಾನುವಾರ ಅಲ್ಲಿ ದೋಣಿ ಇಳಿಸಲು ಜಾಗ ಇರಲ್ಲ. ಚಳಿಗಾಲದ ಮಂಗಳವಾರ ಹೋದರೆ ಎರಡು ದಿನ ಒಬ್ಬರೂ ಕಾಣಲಿಲ್ಲ, ನೀರಿನ ತುಂಬ ವಲಸೆ ಬಂದ ಬಾತುಗಳು. ಅವು ತಲೆ ಎತ್ತಿ ನೋಡತೊಡಗಿದರೆ ಅಲ್ಲಿಂದಲೇ ದೋಣಿ ತಿರುಗಿಸಿ. ನಾವು ಎಬ್ಬಿಸಿದಷ್ಟು ಸಲವೂ ಚಳಿ ಕಳೆಯಲು ಕೂಡಿಟ್ಟ ಕೊಬ್ಬು ಹಾರಾಟಕ್ಕೆ ಖರ್ಚಾಗಿಬಿಡುತ್ತದೆ.