ಒಂಬತ್ತನೇ ಕ್ಲಾಸಿಗೆ ಹಿಂದಿ ಬಿಟ್ಟು ಸ್ಪ್ಯಾನಿಷ್ ತಗೊಳ್ಳಬಹುದಾ?

ಬಳ್ಳಾರಿ ಅಮ್ಮ: ಮಗಳು ಇಲ್ಲೇ ಸಿಬಿಎಸ್‌ಇ ಶಾಲೆಯಲ್ಲಿ ಎಂಟನೇ ಕ್ಲಾಸು. ಮುಂದಿನ ವರ್ಷ ಹಿಂದಿ ಬದಲು ಸ್ಪ್ಯಾನಿಷ್ ತಗೊಳ್ಳಬಹುದು ಎಂದು ಶಾಲೆಯವರು ಹೇಳಿದ್ದಾರೆ. ಟೀಚರ್ ಬೆಂಗಳೂರಿನವರು, ಪಾಠ ಆನ್‌ಲೈನ್. ಹತ್ತನೇ ಬೋರ್ಡ್ ಪರೀಕ್ಷೆಗೂ ಅದೇ ಭಾಷೆ. ಅವಳಿಗೆ ಆಸೆ, ಅವರಪ್ಪನಿಗೆ ಬೇಡ. ಏನು ಮಾಡಲಿ?

ಸಿರುಗುಪ್ಪದವ: ಸುಮ್ನೆ ಫ್ಯಾಷನ್ ಮೇಡಂ. ಹಿಂದಿ ಬಂದರೆ ದೇಶದ ಅರ್ಧಭಾಗ ಸುತ್ತಬಹುದು. ಸ್ಪ್ಯಾನಿಷ್ ಕಲಿತು ಮೋತಿ ಸರ್ಕಲ್‌ನಲ್ಲಿ ಯಾರ ಜೊತೆ ಮಾತಾಡುತ್ತಾಳೆ?

ರಾಯಚೂರು ಹುಡುಗಿ: ಹಿಂದಿ, ಉರ್ದು, ತೆಲುಗು ನಮ್ಮ ಕಡೆ ರಸ್ತೆಯಲ್ಲೇ ಸಿಗುತ್ತವೆ ಅಣ್ಣಾ. ರಸ್ತೆಯಲ್ಲಿ ಸಿಗದ್ದನ್ನು ತಾನೇ ಶಾಲೆ ಕಲಿಸಬೇಕು?

ಸಿರುಗುಪ್ಪದವ: ಕಲಿಸಲಿ, ಬೇಡ ಅಂದವರು ಯಾರು. ಆದರೆ ಕನ್ನಡದ ಕಥೆ ಏನು?

ಎಡದಂಡೆ, ಗಂಗಾವತಿ: ಕನ್ನಡ ಬಿಡುವ ಹಾಗಿಲ್ಲ. 2015ರ ಕನ್ನಡ ಕಲಿಕಾ ಕಾಯ್ದೆ ಸಿಬಿಎಸ್‌ಇ ಶಾಲೆಗಳಿಗೂ ಅನ್ವಯ. ಚಿಂತೆ ಇರುವುದು ಇನ್ನೊಂದು ಕಡೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರು ಭಾಷೆಗಳಲ್ಲಿ ಎರಡಾದರೂ ಭಾರತದ್ದಿರಬೇಕು ಎನ್ನುತ್ತದೆ. ವಿದೇಶಿ ಭಾಷೆಗಳ ಪಟ್ಟಿಯಲ್ಲಿ ಸ್ಪ್ಯಾನಿಷ್ ಹೆಸರೂ ಅದರಲ್ಲೇ ಇದೆ, ಅದು ಬೇರೆ ಮಾತು. ಕನ್ನಡ, ಇಂಗ್ಲಿಷ್, ಸ್ಪ್ಯಾನಿಷ್ ಎಂದರೆ ಲೆಕ್ಕ ತಪ್ಪುತ್ತದೆ. ನಿಮ್ಮ ಶಾಲೆ ಇದನ್ನು ಹೇಗೆ ಹೊಂದಿಸುತ್ತದೆ ಎಂದು ಮೊದಲು ಕೇಳಿ.

ಭಾಷೆ ಟೀಚರ್, ಕೊಪ್ಪಳ: ನಾನು ಸ್ಪ್ಯಾನಿಷ್ ಟ್ಯೂಷನ್ ಹೇಳುತ್ತೇನೆ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿಯೇ ತಗೊಳ್ಳಿ. ವಿಷಯ ಕಷ್ಟ ಅಲ್ಲ. ಬರೆದ ಹಾಗೆ ಓದುವ ಭಾಷೆ, ಇಂಗ್ಲಿಷ್ ಸ್ಪೆಲ್ಲಿಂಗ್ ಗೋಳು ಇಲ್ಲ. ‘ನಾನು’ ಎನ್ನದೆ ‘ಹೋದೆ’ ಅಂದರೆ ಯಾರು ಹೋದರು ಅಂತ ನಮಗೆ ಗೊತ್ತಾಗುತ್ತದಲ್ವಾ, ಅಲ್ಲೂ ಹಾಗೇ. ಹಾಗಾಗಿ ಕ್ರಿಯಾಪದಕ್ಕೆ ನಮ್ಮ ಮಕ್ಕಳು ಹೆದರುವುದಿಲ್ಲ. ಎಡವುವುದು ಲಿಂಗದಲ್ಲಿ. ಮೇಜು ಹೆಣ್ಣು, ಪುಸ್ತಕ ಗಂಡು, ಗುಣವಾಚಕವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಹಿಂದಿಯಲ್ಲಿ ಪೆಟ್ಟು ತಿಂದವರಿಗೆ ಇದು ಹೊಸದಲ್ಲ. ‘ಇರು’ ಎನ್ನಲು ಎರಡು ಕ್ರಿಯಾಪದ ಇವೆ, ಯಾವಾಗ ಯಾವುದು ಎಂಬುದರಲ್ಲೇ ಮೊದಲ ವರ್ಷದ ಮಾರ್ಕ್ಸ್ ಹೋಗುತ್ತದೆ.

ನನ್ನ ತಕರಾರು ಪರೀಕ್ಷೆಯ ಮೇಲೆ. ಸಿಬಿಎಸ್‌ಇಯಲ್ಲಿ 80 ಅಂಕ ಲಿಖಿತ, 20 ಶಾಲೆಯ ಕೈಯಲ್ಲಿ. ಬಾಯಿ ತೆರೆಯದೆ ಒಳ್ಳೆ ಮಾರ್ಕ್ಸ್ ತರಬಹುದು. ಇಂಟರ್‌ನ್ಯಾಷನಲ್ ಶಾಲೆಗಳ ಹತ್ತನೇ ಮಟ್ಟದ ಪರೀಕ್ಷೆ ಕೇಂಬ್ರಿಡ್ಜ್ ಐಜಿಸಿಎಸ್‌ಇಯಲ್ಲಿ ಕೇಳುವುದು, ಓದುವುದು, ಮಾತಾಡುವುದು, ಬರೆಯುವುದು, ನಾಲ್ಕಕ್ಕೂ ಸಮ ಪಾಲು. ಮಾತಾಡದಿದ್ದರೆ ಕಾಲು ಭಾಗ ಹೋಯಿತು.

ಆನೆಗುಂದಿ ಹೋಂಸ್ಟೇ: ಮಾತೇ ಮುಖ್ಯ ಬಿಡಿ. ನಮ್ಮಲ್ಲಿ ಉಳಿಯುವ ಸ್ಪೇನ್‌ನವರ ಹತ್ತಿರ ನಾಲ್ಕು ಮಾತು ಅವರ ಭಾಷೆಯಲ್ಲಿ ಆಡಿ ನೋಡಿ. ರೂಮ್ ಇನ್ನೊಂದು ದಿನ ಜಾಸ್ತಿ ಆಗುತ್ತದೆ. ಪರೀಕ್ಷೆಗೀರೀಕ್ಷೆ ನಾನು ಬರೆದಿಲ್ಲ.

ಸಿರುಗುಪ್ಪದವ: ಹಂಗಾದರೆ ಎಲ್ಲರೂ ಹೋಂಸ್ಟೇ ಇಡೋಣ!

ರಾಯಚೂರು ಹುಡುಗಿ: ಕೆಲಸ ಬರೀ ಟೂರಿಸ್ಟುಗಳಲ್ಲಿ ಇಲ್ಲ ಅಣ್ಣಾ. ಬಳ್ಳಾರಿಯಿಂದ ಅನಂತಪುರ ನೂರು ಕಿಲೋಮೀಟರ್ ಆಸುಪಾಸು. ಬಾರ್ಸಿಲೋನಾದ ವಿಸೆಂಟೆ ಫೆರರ್ 1969ರಲ್ಲಿ ಅಲ್ಲಿಗೆ ಬಂದು ಆರ್‌ಡಿಟಿ (ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್) ಎಂಬ ಸೇವಾಸಂಸ್ಥೆ ಕಟ್ಟಿದರು. 2009ರಲ್ಲಿ ತೀರಿಕೊಂಡರು. ಬತ್ತಲಪಲ್ಲಿಯ ಆಸ್ಪತ್ರೆ ಅವರದ್ದೇ. ಅದೇ ಸಂಸ್ಥೆ ಹಳ್ಳಿಯ ಪದವೀಧರರಿಗೆ ಸ್ಪ್ಯಾನಿಷ್, ಜರ್ಮನ್, ಫ್ರೆಂಚ್ ಕಲಿಸಿ ಕಂಪನಿ ಕೆಲಸಕ್ಕೆ ತಯಾರು ಮಾಡುತ್ತದೆ. ಬರಗಾಲದ ಜಿಲ್ಲೆಯ ಮಕ್ಕಳಿಗೆ ಬರುವುದಾದರೆ ನಮಗೇಕೆ ಬಾರದು?

ಭಾಷೆ ಟೀಚರ್, ಕೊಪ್ಪಳ: ಅವರು ಕಲಿಯುವುದು ಡಿಗ್ರಿ ಆದ ಮೇಲೆ, ಎದುರಿಗೆ ಟೀಚರ್ ಇಟ್ಟುಕೊಂಡು. ಅದನ್ನೂ ಹೇಳಿ.

ಎಡದಂಡೆ, ಗಂಗಾವತಿ: ಹೌದು. ಇನ್ನೊಂದು, ರಾಜ್ಯದ ಪಿಯುಸಿಯಲ್ಲಿ ಫ್ರೆಂಚ್ ಇದೆ, ಸ್ಪ್ಯಾನಿಷ್ ಇಲ್ಲ. ಹತ್ತನೇ ಮುಗಿಸಿ ಪಿಯುಗೆ ಬಂದರೆ ಎರಡು ವರ್ಷದ ಓದು ಅಲ್ಲಿಗೇ ನಿಂತಿತು.

ರಾಯಚೂರು ಹುಡುಗಿ: ನಿಲ್ಲಲೇಬೇಕೆಂದಿಲ್ಲ ಸರ್. ಸ್ಪ್ಯಾನಿಷ್ ಎಷ್ಟು ಬರುತ್ತದೆ ಎಂದು ಸರ್ಟಿಫಿಕೇಟ್ ಕೊಡುವ ಸ್ಪೇನ್ ಸರ್ಕಾರದ ಡೆಲೆ ಪರೀಕ್ಷೆ ಇದೆ, ದೆಹಲಿಯಲ್ಲಿ ಅವರದೇ ಸೆರ್ವಾಂತೆಸ್ ಸಂಸ್ಥೆ ಇದೆ. ಹೈದರಾಬಾದಿನ ಭಾಷಾ ವಿಶ್ವವಿದ್ಯಾಲಯ ಇಫ್ಲುನಲ್ಲಿ ಸ್ಪ್ಯಾನಿಷ್ ಬಿಎ ಇದೆ, ನಮ್ಮೂರಿಂದ ರೈಲು ಹತ್ತಿದರೆ ಆಯಿತು.

ಭಾಷೆ ಟೀಚರ್, ಕೊಪ್ಪಳ: ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಲ್ಲೂ ಇದೆ, ಅಲ್ಲಿ ಅಕ್ಷರದಿಂದಲೇ ಶುರು ಮಾಡಿಸುತ್ತಾರೆ. ಶಾಲೆಯಲ್ಲಿ ಓದದಿದ್ದರೆ ಬಾಗಿಲು ಮುಚ್ಚುತ್ತದೆ ಎಂದೇನಿಲ್ಲ. ಮೇಡಂ, ನಿಜವಾದ ಅಪಾಯ ಟೀಚರ್ ನಡುವೆ ಬಿಟ್ಟು ಹೋಗುವುದು. ಒಂಬತ್ತನೇಯಲ್ಲಿ ಬೋರ್ಡಿಗೆ ಹೆಸರು ಕೊಟ್ಟ ಭಾಷೆಯನ್ನು ಹತ್ತನೇಯಲ್ಲಿ ಬದಲಾಯಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಗಣಿತಕ್ಕೆ ಟೀಚರ್ ಇಲ್ಲದಿದ್ದರೆ ಪಕ್ಕದ ಬೀದಿಯಲ್ಲಿ ಟ್ಯೂಷನ್ ಸಿಗುತ್ತದೆ, ಇದಕ್ಕೆ ಬಳ್ಳಾರಿಯಲ್ಲಿ ಎಲ್ಲಿ ಹುಡುಕುತ್ತೀರಿ?

ಬಳ್ಳಾರಿ ಅಮ್ಮ: ಸೋಮವಾರ ಶಾಲೆಗೆ ಹೋಗುತ್ತೇನೆ. ಎರಡು ವರ್ಷ ಟೀಚರ್ ಇರುತ್ತಾರಾ, ವಾರಕ್ಕೆ ಎಷ್ಟು ಪೀರಿಯಡ್, ಮಾತಾಡಿಸುತ್ತಾರಾ ಇಲ್ಲಾ ಬರೆಸುತ್ತಾರಷ್ಟೇನಾ, ಮೂರನೇ ಭಾಷೆ ಯಾವುದು, ಎಲ್ಲಾ ಬರೆದು ಕೊಡಿ ಎಂದು ಕೇಳುತ್ತೇನೆ.

ಸಿರುಗುಪ್ಪದವ: ಬರೆದು ಕೊಡುತ್ತಾರಾ ಮೇಡಂ? ಕೊಟ್ಟರೆ ಇಲ್ಲಿ ಹಾಕಿ. ನಮ್ಮ ತಮ್ಮನ ಮಗನೂ ಏಳನೇ ಕ್ಲಾಸಿನಲ್ಲಿದ್ದಾನೆ.